ಅಂ, ಅಃ ಎಲ್ಲಿ ಕೂರಬೇಕು

ಕೆಮ್ಮು ಕತ್ತರಿಸುವುದು ಅವಳ ಕೆಲಸ. ಹಾಗೆಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಡಾಕ್ಟರಾ ಎನ್ನುತ್ತಾರೆ. ಡಾಕ್ಟರಲ್ಲ. ಕಣ್ಣು ಕಾಣದವರಿಗೆಂದು ಪುಸ್ತಕಗಳನ್ನು ಓದಿಸಿ ರೆಕಾರ್ಡ್ ಮಾಡಿಕೊಳ್ಳುವ ಗ್ರಂಥಾಲಯವೊಂದರ ಹಿಂಬದಿಯ ಕೋಣೆಯಲ್ಲಿ ಅವಳು ಕಿವಿಗೆ ಹೆಡ್‌ಫೋನ್ ಏರಿಸಿ ಕೂರುತ್ತಾಳೆ. ಓದಿದವರ ಕೆಮ್ಮು, ಸೀನು, ಹಾಳೆ ಮಗುಚಿದ ಸಪ್ಪಳ, ಕುರ್ಚಿಯ ಕಿರ್ ಸದ್ದು, 'ಅಯ್ಯೋ, ಸಾಲು ತಪ್ಪಿದೆ ತಡಿ' ಎಂಬ ಗೊಣಗು, ಎಲ್ಲವನ್ನೂ ಹುಡುಕಿ ಕತ್ತರಿಸಿ ತೆಗೆದು ಪುಸ್ತಕವನ್ನಷ್ಟೇ ಉಳಿಸುತ್ತಾಳೆ. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಕತ್ತರಿ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ.

ಕೆಮ್ಮಿನಿಂದ ಅವಳಿಗೆ ಆಯಾಸವಾಗುವುದಿಲ್ಲ. ಆಯಾಸವೆಲ್ಲ ಕತ್ತರಿಸಿದ ಮೇಲಿನದು. ಕೆಮ್ಮು ಹೋಗಿ ಉಳಿದ ಓದಿನ ತುಂಡುಗಳಿಗೆ ಹೆಸರಿಟ್ಟು, ಒಂದು ಫೋಲ್ಡರಿನಲ್ಲಿ ಸಾಲಾಗಿ ಕೂರಿಸಬೇಕು. ಅಲ್ಲಿ ಅವಳ ಮಾತು ನಡೆಯುವುದಿಲ್ಲ. ಕಂಪ್ಯೂಟರಿನಲ್ಲಿ ಫೈಲುಗಳನ್ನು ತೋರಿಸುವ ಆ ಕಿಟಕಿಗೆ ತನ್ನದೇ ಒಂದು ಮಡಿ. ಫೋಲ್ಡರುಗಳು ದೊಡ್ಡ ಮನೆಯವರ ಹಾಗೆ ಯಾವಾಗಲೂ ಮೇಲೆ, ಬಿಡಿ ಫೈಲುಗಳು ಎಷ್ಟು ಅವಸರದವಾದರೂ ಕೆಳಗೆ. ತಾರೀಕಿನ ಪ್ರಕಾರ ಜೋಡಿಸಿ ಹೋದರೆ ಮರುದಿನ ಅದೇ ಫೋಲ್ಡರು ಹೆಸರಿನ ಪ್ರಕಾರ ಕೂತಿರುತ್ತದೆ. ಹಳೆಯ ಫೈಲೊಂದನ್ನು ತೆರೆದು ಉಳಿದುಹೋದ ಒಂದು ಕೆಮ್ಮು ತೆಗೆದರೆ ಸಾಕು, ಅದು ಇವತ್ತೇ ಹುಟ್ಟಿದ ಕೂಸಿನ ಹಾಗೆ ಸಾಲಿನ ತುದಿಗೆ ಹೋಗಿ ಕೂರುತ್ತದೆ. ಸಂಜೆ ಪಾಳಿಯವನು ಅದೇ ಕಂಪ್ಯೂಟರಿನಲ್ಲಿ ತನ್ನ ಪುಸ್ತಕ ಮೇಲೆ ಬರಲಿ ಎಂದು ಫೋಲ್ಡರಿನ ಹೆಸರಿನ ಮೊದಲಿಗೆ ಒಂದು ಸೊನ್ನೆ ಹಾಕಿದ. ಇವಳು ಎರಡು ಹಾಕಿದಳು. ಅವನು ಮೂರು ಹಾಕಿ, ಪಕ್ಕದಲ್ಲಿ 'ಇನ್ನು ಸಾಕು ಅಕ್ಕ' ಎಂದೂ ಬರೆದ. ಈಗ ಆ ಪರದೆಯನ್ನು ನೋಡಿದವರು ಅದನ್ನು ಪುಸ್ತಕಗಳ ಸಾಲು ಎಂದುಕೊಳ್ಳುವುದಿಲ್ಲ, ಮೊಟ್ಟೆಗಳ ತಟ್ಟೆ ಎಂದುಕೊಳ್ಳುತ್ತಾರೆ.

ತಾನು ಜೋಡಿಸಿಟ್ಟದ್ದನ್ನು ಬೆನ್ನು ತಿರುಗಿಸಿದ ಕೂಡಲೇ ಬೇರೆ ಥರ ಜೋಡಿಸುವ ಆ ಕಿಟಕಿಗೆ ಅವಳು ಇಟ್ಟ ಹೆಸರು 'ಅತ್ತೆ'. ತಮಾಷೆಗೆ ಇಟ್ಟದ್ದು. ಆದರೆ ಒಂದು ದಿನ ಮನೆಯ ಹಿತ್ತಲಲ್ಲಿ ನಿಂತು ಸಂಜೆ ಪಾಳಿಯವನಿಗೆ ಫೋನಿನಲ್ಲಿ, "ಅತ್ತೆ ಮತ್ತೆ ಎಲ್ಲಾ ತಲೆಕೆಳಗು ಮಾಡಿದಾಳೆ, ನನಗೆ ಸಾಕಾಗಿದೆ ಮಾರಾಯ," ಎಂದದ್ದು ಒಳಗಿದ್ದ ನಿಜವಾದ ಅತ್ತೆಯ ಕಿವಿಗೆ ಬಿತ್ತು. ಅವತ್ತು ಬೆಳಿಗ್ಗೆ ತಾನೇ ಆಕೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒರೆಸಿ ಬೇರೆ ಸಾಲಿನಲ್ಲಿ ಇಟ್ಟಿದ್ದರು. ಆಮೇಲೆ ಹಲವು ದಿನ ಡಬ್ಬಿಯೊಂದನ್ನು ಮುಟ್ಟುವ ಮೊದಲು ಸೊಸೆಯ ಮುಖ ನೋಡಿ, "ಇಲ್ಲಿಡಲಾ, ಅಲ್ಲಿಡಲಾ, ಅಪ್ಪಣೆ ಆಗಲಿ," ಎನ್ನುತ್ತಿದ್ದರು. ಬೇಕರಿಯಲ್ಲಿ ಕೆಲಸ ಮಾಡುವ ಗಂಡ ಈ ಜಗಳದಲ್ಲಿ ಯಾರ ಕಡೆಗೂ ಸೇರಲಿಲ್ಲ. ಬೆಳಗಿನ ಜಾವ ಎದ್ದು ಹೋಗಿ ಮಧ್ಯಾಹ್ನ ಬಂದು ಮಲಗುವವನಿಗೆ ಮನೆಯ ಜಗಳವೆಲ್ಲ ಮುಗಿದ ಮೇಲೆ ತಿಳಿಯುತ್ತಿತ್ತು.

ಕತ್ತರಿಯ ಕಿವಿಗೆ ಅತ್ಯಂತ ಹತ್ತಿರದ ದನಿ ಟೀಚರದ್ದು. ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಹೇಳಿ ನಿವೃತ್ತರಾದ ಮೇಲೆ ಆಕೆ ಈ ಗ್ರಂಥಾಲಯಕ್ಕೆ ಓದಲು ಬರುತ್ತಿದ್ದರು. ದೊಡ್ಡ ದನಿಯಲ್ಲ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತ ಪಕ್ಕದ ಕೋಣೆಯಲ್ಲಿರುವವರ ಜೊತೆ ಮಾತಾಡಿದಂಥ ದನಿ. ಬೇರೆಯವರ ಓದಿನಿಂದ ಕೆಮ್ಮನ್ನು ಕತ್ತರಿಸುವಾಗ ಕತ್ತರಿಗೆ ಕಸ ಗುಡಿಸಿದಂತೆ ಅನ್ನಿಸಿದರೆ, ಟೀಚರ ಓದಿನಿಂದ ತೆಗೆಯುವಾಗ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಅನ್ನಿಸುತ್ತಿತ್ತು. ಕೈ ತಾನಾಗಿ ನಿಧಾನವಾಗುತ್ತಿತ್ತು.

ಮೊದಮೊದಲು ಟೀಚರು ತುಂಡುಗಳಿಗೆ ಒಂದು, ಎರಡು ಎಂದೇ ಅಂಕೆ ಕೊಡಿಸುತ್ತಿದ್ದರು. ಪುಸ್ತಕ ಸಿದ್ಧವಾದ ಮೇಲೆ ಅದನ್ನು ಉಗುರಿನಷ್ಟಗಲದ ಕಾರ್ಡಿಗೆ ತುಂಬಿ ಕೇಳುಗರ ಮನೆಗೆ ಕಳಿಸುತ್ತಾರೆ. ಅವರು ಅದನ್ನು ದಪ್ಪ ಗುಂಡಿಗಳ ಒಂದು ಪುಟ್ಟ ಪ್ಲೇಯರಿಗೆ ಸಿಕ್ಕಿಸಿ ಕೇಳುತ್ತಾರೆ. ಆ ಪ್ಲೇಯರು ಫೈಲುಗಳನ್ನು ಹೆಸರಿನ ಪ್ರಕಾರ ಜೋಡಿಸಿಕೊಳ್ಳುತ್ತದೆ, ಅದೂ ಅಂಕೆಗಳನ್ನು ಅಕ್ಷರಗಳ ಹಾಗೆ ಓದಿಕೊಂಡು. ಒಂದಾದ ಮೇಲೆ ಹತ್ತು, ಹನ್ನೊಂದು, ಹನ್ನೆರಡು, ಅವೆಲ್ಲ ಮುಗಿದ ಮೇಲೆ ಎರಡು. ಟೀಚರಿಗೆ ಇದು ತಿಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು. ಒಂದರ ಎಡಕ್ಕೆ ಸೊನ್ನೆ ಹಾಕಿದರೆ ಸರಿಹೋಗುತ್ತದೆ ಎಂದು ಕತ್ತರಿ ವಿವರಿಸಿದರೂ ಅವರು ಒಪ್ಪಲಿಲ್ಲ. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ ಎಂದು ಜೀವಮಾನವೆಲ್ಲ ಮಕ್ಕಳಿಗೆ ಹೇಳಿಕೊಟ್ಟ ಬಾಯಿ ಅವರದು.

"ಅಂಕೆ ಬೇಡ," ಎಂದರು. "ಅಆಇಈ ಹಾಕು. ಅದರಲ್ಲಿ ಹಿಂದುಮುಂದು ಮಾಡೋಕೆ ಯಾರಿಂದಲೂ ಆಗಲ್ಲ. ನನ್ನ ಕ್ಲಾಸಿನ ಕೊನೇ ಬೆಂಚಿನವರೂ ಮಾಡಿಲ್ಲ."

ಹಾಗೆ ಅವರು ಹೊಸದಾಗಿ ಓದಲು ಹಿಡಿದ ಕತೆಪುಸ್ತಕದ ತುಂಡುಗಳಿಗೆ ಅಕ್ಷರಗಳೇ ಹೆಸರಾದವು. ಪ್ರತಿ ತುಂಡಿನ ಮೊದಲಿಗೆ ಟೀಚರು ಅಂದಿನ ಅಕ್ಷರವನ್ನು ಗಟ್ಟಿಯಾಗಿ ಹೇಳಿ, ಒಂದು ಉಸಿರು ನಿಲ್ಲಿಸಿ, ಓದಲು ಹಿಡಿಯುತ್ತಿದ್ದರು. ಆ ಅಕ್ಷರ ಪುಸ್ತಕದಲ್ಲಿ ಇಲ್ಲದ್ದು. ಹಾಗಾಗಿ ಕತ್ತರಿ ಅದನ್ನೂ ಕೆಮ್ಮಿನ ಜೊತೆಗೇ ತೆಗೆದುಹಾಕುತ್ತಿದ್ದಳು. ಙ ಬಂದ ದಿನ, ಇದು ಕೀಬೋರ್ಡಿನಲ್ಲಿ ಎಲ್ಲಿದೆಯೋ ಗೊತ್ತಿಲ್ಲ, ದಾಟಿಬಿಡೋಣ ಎಂದಳು. ಟೀಚರು ಬಿಡಲಿಲ್ಲ. ಪಾಪ, ಅದನ್ನು ಎಲ್ಲರೂ ದಾಟುವವರೇ, ನಾವಾದರೂ ಒಂದು ದಿನ ಕರೆಯೋಣ ಎಂದರು. ಪುಸ್ತಕ ಜ ಅಕ್ಷರಕ್ಕೆ ಮುಗಿಯಿತು.

ಅದು ಮುಗಿಯುವ ಹೊತ್ತಿಗೆ ಟೀಚರ ಕೆಮ್ಮೂ ಹೆಚ್ಚಾಗಿತ್ತು. ಗಂಟಲಿಗೆ ಆಪರೇಷನ್ ಆಯಿತು. ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಏನು ಹೇಳಬೇಕಾದರೂ ಮಡಿಲಲ್ಲಿಟ್ಟ ಸ್ಲೇಟಿನ ಮೇಲೆ ಬರೆಯುತ್ತಾರೆ. ಹಾಗಾಗಿ ಆ ಪುಸ್ತಕವೇ ಅವರ ಕೊನೆಯ ಓದು.

ಹೊಸ ಪುಸ್ತಕವನ್ನು ಎಲ್ಲರಿಗೂ ಕಳಿಸುವ ಮೊದಲು ಇಬ್ಬರು ಕೇಳುಗರಿಗೆ ಕೊಟ್ಟು ನೋಡುವುದು ಗ್ರಂಥಾಲಯದ ಪದ್ಧತಿ. ಅವರಲ್ಲಿ ಒಬ್ಬರು ಟೈಲರ್ ಮಾವ. ದೃಷ್ಟಿ ಹೋದ ಮೇಲೂ ಬೆರಳಿನಿಂದಲೇ ಗುಂಡಿ ಹೊಲಿಯುವ ಮುದುಕರು. ಹೊಲಿಯುತ್ತಲೇ ಕೇಳುತ್ತಾರೆ. ಅವರ ಫೋನು ಮಂಗಳವಾರ ಮಧ್ಯಾಹ್ನ ಬಂತು.

"ಅಲ್ಲಮ್ಮ ಕತ್ತರಿ, ಇದೆಂಥಾ ಕತೆ? ಮೊದಲ್ನೇದ್ರಲ್ಲಿ ಮುದುಕಿ ಮನೆ ತುಂಬಾ ಓಡಾಡ್ತಾಳೆ. ಎರಡನೇದ್ರಲ್ಲಿ ಸತ್ತೇಹೋದ್ಲು. ಮೂರನೇದ್ರಲ್ಲಿ ಮಣ್ಣೂ ಆಯ್ತು. ನಾನು ಸೂಜಿ ಕೆಳಗಿಟ್ಟು ಕಣ್ಣೊರೆಸ್ಕೊಂಡೆ. ನಾಲ್ಕನೇದ್ರಲ್ಲಿ ಎದ್ದು ಬಂದು ಸೊಸೆಗೆ ಬೈತಿದಾಳಲ್ಲ, ಹಾಲು ಉಕ್ಕಿಸಿದ್ದು ಯಾಕೆ ಅಂತ?"

ಕತ್ತರಿ ಫೋಲ್ಡರು ತೆರೆದು ನೋಡಿದಳು. ತಾರೀಕಿನ ಪ್ರಕಾರ ಜೋಡಿಸಿದ್ದ ಸಾಲು. ಟೀಚರು ದಿನಕ್ಕೊಂದರಂತೆ ಓದಿದ್ದರಿಂದ ಅ ಆ ಇ ಈ ಎಂದು ಜ ತನಕ ಒಂದೂ ಆಚೀಚೆ ಆಗಿರಲಿಲ್ಲ. ಮುದುಕಿ ಸಾಯುವುದು ಎಷ್ಟೋ ಕೆಳಗೆ, ಔ ಆದ ಮೇಲೆ. ಅಷ್ಟರಲ್ಲಿ ಇನ್ನೊಬ್ಬ ಕೇಳುಗರೂ ಅದೇ ದೂರನ್ನು ಸರ್ ಹತ್ತಿರ ಹೇಳಿದ್ದರು.

ಸರ್ ಎಂದರೆ ಗ್ರಂಥಾಲಯವನ್ನು ನೋಡಿಕೊಳ್ಳುವವರು. ಕೆಟ್ಟವರಲ್ಲ. ಅವರ ಮೇಜಿನ ಮೇಲೆ ಯಾವಾಗಲೂ ಅರ್ಧ ಕುಡಿದು ಮರೆತ ಚಹಾ ಇರುತ್ತದೆ. ಅವರು ಹೇಳಿದ್ದಿಷ್ಟು. ಶುಕ್ರವಾರ ಕಾರ್ಡುಗಳು ಎಲ್ಲರ ಮನೆಗೂ ಹೊರಡಬೇಕು. ಟೀಚರನ್ನು ಕರೆದು ಮತ್ತೆ ಓದಿಸುವ ಹಾಗಿಲ್ಲ. ಹೊಸದಾಗಿ ಬಂದಿರುವ ಯಂತ್ರದ ದನಿ ಇದೆ, ಪುಸ್ತಕ ಕೊಟ್ಟರೆ ತಾನೇ ಓದಿ, ತಾನೇ ತುಂಡು ಮಾಡಿ, ತಾನೇ ಜೋಡಿಸುತ್ತದೆ. ಅದರಲ್ಲಿ ಓದಿಸಿಬಿಡೋಣ. ಎರಡೆರಡು ಇಟ್ಟುಕೊಳ್ಳಲು ಜಾಗವಿಲ್ಲ, ಟೀಚರದ್ದನ್ನು ಅಳಿಸಬೇಕಾಗುತ್ತದೆ.

"ನನ್ನ ಪರದೆ ಮೇಲೆ ಎಲ್ಲಾ ಸರಿಯಾಗಿದೆ ಸರ್," ಎಂದಳು ಕತ್ತರಿ.

"ಕೇಳೋರು ನಿಮ್ಮ ಪರದೆ ಎಲ್ಲಿ ನೋಡ್ತಾರಮ್ಮ?" ಎಂದರು ಸರ್, ದಣಿದ ದನಿಯಲ್ಲಿ.

ಬಸ್ಸಿನಲ್ಲಿ ನಿಂತೇ ಮನೆಗೆ ಬಂದಳು. ಕಾಲು ನೋಯುತ್ತಿತ್ತು. ಅದಕ್ಕಿಂತ ಕಿವಿ ನೋಯುತ್ತಿತ್ತು, ಹೆಡ್‌ಫೋನಿನ ಒತ್ತಿಗೆ ಮೇಲಂಚು ಕೆಂಪಗಾಗಿತ್ತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು. ಮುಖ ನೋಡಿಯೇ ಅತ್ತೆ ಒಂದು ಲೋಟ ಬಿಸಿನೀರು ಕೈಗಿತ್ತರು. ಡಬ್ಬಿಯ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೂ ಕೇಳದೆ ಇರಲು ಆಗಲಿಲ್ಲ. ಇವಳು ಒಂದೊಂದಾಗಿ ಎಲ್ಲವನ್ನೂ ಹೇಳಿದಳು. ಫೋನಿನಲ್ಲಿ ಬೈದದ್ದು ಯಾವ ಅತ್ತೆಗೆ ಎಂಬುದನ್ನೂ ಆಗಲೇ ಹೇಳಿಬಿಟ್ಟಳು. ಅತ್ತೆ ಖಾಲಿ ಲೋಟ ತೆಗೆದುಕೊಂಡರು. ನಗು ಬಂದದ್ದನ್ನು ನುಂಗಿಕೊಂಡರು.

"ನನಗಾದ್ರೂ ಉಪ್ಪು ಯಾವುದು ಸಕ್ಕರೆ ಯಾವುದು ಅಂತ ಗೊತ್ತು," ಎಂದರು. "ಆ ನಿನ್ನ ಇನ್ನೊಬ್ಬ ಅತ್ತೆಗೆ ಅಆಇಈನಾದ್ರೂ ನೆಟ್ಟಗೆ ಬರತ್ತಾ ಕೇಳು ಮೊದಲು."

ಕುಟುಕಿದ ಮಾತು. ಆದರೆ ಆ ಮಾತು ಊಟದ ಹೊತ್ತಿಗೂ ಅವಳ ತಲೆಯಿಂದ ಹೋಗಲಿಲ್ಲ, ಪಾತ್ರೆ ತೊಳೆಯುವಾಗಲೂ ಹೋಗಲಿಲ್ಲ.

ಬುಧವಾರ ಬೆಳಿಗ್ಗೆ ಚೀಲ ಕೆಳಗಿಡುವ ಮೊದಲೇ ಕಂಪ್ಯೂಟರು ಹಾಕಿದಳು. ತಾರೀಕಿನ ಸಾಲು ಬಿಟ್ಟು, ಪ್ಲೇಯರು ಮಾಡುವ ಹಾಗೆ, ಹೆಸರಿನ ಪ್ರಕಾರ ಜೋಡಿಸು ಎಂದು ಒತ್ತಿದಳು. ಮೇಲಿನಿಂದ ಒಂದೊಂದರ ಮೇಲೆ ಬೆರಳಿಡುತ್ತ, ಚಿಕ್ಕವಳಿದ್ದಾಗಿನ ರಾಗದಲ್ಲೇ ಹೇಳಿಕೊಂಡು ಹೋದಳು. ನಾಲಿಗೆ ಅ ಎಂದಿತು, ಬೆರಳು ಅ ಮೇಲಿತ್ತು. ನಾಲಿಗೆ ಆ ಎಂದಿತು. ಬೆರಳು ಅಂ ಮೇಲಿತ್ತು.

ಅದರ ಕೆಳಗೆ ಅಃ. ಆ ಇದ್ದದ್ದು ಅದಕ್ಕೂ ಕೆಳಗೆ.

ಮಕ್ಕಳ ಪುಸ್ತಕದಲ್ಲಿ ಅಂ ಅಃ ಇಬ್ಬರೂ ಸ್ವರಗಳ ಬಾಲಕ್ಕೆ, ಔ ಆದ ಮೇಲೆ ಬರುವವರು. ಕಂಪ್ಯೂಟರು ನೋಡಿದ್ದು ಬೇರೆ. ಅದರ ಕಣ್ಣಿಗೆ ಅಂ ಎಂದರೆ ಅ ಪಕ್ಕದಲ್ಲಿ ಒಂದು ಸೊನ್ನೆ. ಅಃ ಎಂದರೆ ಅ ಪಕ್ಕದಲ್ಲಿ ಎರಡು. ಅಮ್ಮನ ಪಕ್ಕದಲ್ಲೇ ಮಕ್ಕಳು ಎಂದು ಎರಡನ್ನೂ ತಂದು ಅ ಹಿಂದೆಯೇ ನಿಲ್ಲಿಸಿತ್ತು. ಮುದುಕಿ ಸಾಯುವುದು ಅಂ ತುಂಡಿನಲ್ಲಿ. ಮಣ್ಣಾಗುವುದು ಅಃ ತುಂಡಿನಲ್ಲಿ. ಕಂಪ್ಯೂಟರಿನದು ತಪ್ಪಲ್ಲ, ಟೀಚರದ್ದೂ ತಪ್ಪಲ್ಲ. ಇಬ್ಬರೂ ಬೇರೆ ಬೇರೆ ಶಾಲೆಯಲ್ಲಿ ಓದಿದವರು.

ಹೆಸರುಗಳ ಮೊದಲಿಗೆ, ಮನಸ್ಸಿನಲ್ಲೇ ಟೀಚರ ಕ್ಷಮೆ ಕೇಳಿಕೊಂಡು, ಸೊನ್ನೆ ಸೇರಿಸಿದ ಅಂಕೆಗಳನ್ನು ಹಾಕಿದಳು. ಸರ್ ಹತ್ತಿರ ಹೋಗಿ ವಿಷಯ ತಿಳಿಸಿದಳು. ಅವರು ಒಂದು ಸಲ ತಾವೂ ಬೆರಳು ಮಡಿಸಿ ಅಆಇಈ ಎಣಿಸಿ ನೋಡಿ ತಲೆಯಾಡಿಸಿದರು. ಆದರೆ ಪೂರ್ತಿ ಒಪ್ಪಲಿಲ್ಲ.

"ಇದು ಇವತ್ತಿಗೆ ಸರಿ. ನಾಳೆ ಇನ್ನೊಂದು ಪ್ಲೇಯರ್ ಇನ್ನೊಂದು ಥರ ಜೋಡಿಸತ್ತೆ. ಯಂತ್ರದ ದನಿ ಪ್ರತಿ ತುಂಡಿಗೂ ಮುಂಚೆ ಇದು ಎಷ್ಟನೇದು ಅಂತ ಬಾಯಿಬಿಟ್ಟು ಹೇಳತ್ತೆ. ಟೀಚರದ್ರಲ್ಲಿ ಆ ಅನುಕೂಲ ಇಲ್ವಲ್ಲ. ಸಾಲು ತಪ್ಪಿದೆ ಅಂತ ಕೇಳೋರಿಗೆ ಗೊತ್ತಾಗೋದು ಹೇಗೆ?"

ಕತ್ತರಿ ಬಾಗಿಲಲ್ಲೇ ನಿಂತಳು. ಟೀಚರೂ ಹೇಳಿದ್ದರಲ್ಲ. ಪ್ರತಿ ದಿನ, ಪ್ರತಿ ತುಂಡಿಗೂ ಮುಂಚೆ, ಗಟ್ಟಿಯಾಗಿ. ಕೇಳುವವರಿಗೆ ಕಣ್ಣಿಲ್ಲ, ಕಿವಿಯಿಂದಲೇ ಅವರಿಗೆ ಸಾಲು ತಿಳಿಯಬೇಕು ಎಂದುಕೊಂಡೇ ಹೇಳಿದ್ದರು. ಕತ್ತರಿಸಿ ಎಸೆದವಳು ಇವಳು.

ನಾಳೆ ಸಂಜೆಯವರೆಗೆ ಟೈಮ್ ಕೊಡಿ ಎಂದಳು. ಸರ್ ತಣ್ಣಗಾದ ಚಹಾ ಎತ್ತಿ ಒಂದು ಗುಟುಕು ಕುಡಿದು, ಆಯಿತು ಎಂದರು.

ಎಸೆದದ್ದು ಎಂದರೂ ಅವಳು ಪೂರ್ತಿ ಎಸೆಯುವ ಜಾತಿಯವಳಲ್ಲ. ಬಟ್ಟೆಯ ಚೂರನ್ನೂ ಎತ್ತಿಡುವ ಕೈ. ಕತ್ತರಿಸಿದ್ದೆಲ್ಲವೂ 'ಕಸ' ಎಂಬ ಫೋಲ್ಡರಿಗೆ ಹೋಗಿ ಬೀಳುತ್ತಿತ್ತು, ಅದನ್ನು ಅವಳು ಒಮ್ಮೆಯೂ ಖಾಲಿ ಮಾಡಿರಲಿಲ್ಲ. ಹೆಸರಿಡುವ ಗೋಜಿಗೂ ಹೋಗಿರಲಿಲ್ಲ. ಕಂಪ್ಯೂಟರೇ ಎಲ್ಲಕ್ಕೂ 'ತುಂಡು' ಎಂದು ಹೆಸರಿಟ್ಟು ಅಂಕೆ ಹಚ್ಚಿತ್ತು. ಈಚೆಗೆ ಜಾಗ ಉಳಿಸಲು ಕಸವನ್ನಷ್ಟೇ ಬೇರೆ ಡಿಸ್ಕಿಗೆ ಸಾಗಿಸಿದಾಗ ಅದಕ್ಕೆಲ್ಲ ಒಂದೇ ತಾರೀಕು ಬಿದ್ದಿತ್ತು. ಯಾವುದು ಯಾರದ್ದು ಎಂದು ತಿಳಿಯಲು ಕೇಳದೆ ಬೇರೆ ದಾರಿಯಿರಲಿಲ್ಲ.

ಕೇಳಿದಳು. ಬುಧವಾರ ಪೂರ್ತಿ, ಗುರುವಾರ ಅರ್ಧ. ವರ್ಷಗಳ ಕೆಮ್ಮು ಒಂದಾದ ಮೇಲೊಂದು ಕಿವಿಗೆ ಬಿತ್ತು. ಹುಡುಗಿಯೊಬ್ಬಳ ಬಿಕ್ಕಳಿಕೆ. ವಕೀಲರೊಬ್ಬರು ಹಾಳೆ ತಿರುವಲು ಬೆರಳು ನೆಕ್ಕಿದ ಸದ್ದು. ಯಾರೋ ಹಸಿದ ಹೊಟ್ಟೆಯ ಗುಡುಗುಡು. ಓದುತ್ತ ಓದುತ್ತ ಅತ್ತವರ ಮೂಗಿನ ಸುರುಸುರು, ಆ ಮೇಲೆ 'ಒಂದ್ನಿಮಿಷ' ಎಂಬ ಮಾತು. ಪುಸ್ತಕದಲ್ಲಿ ಇಲ್ಲದ ಕಾರಣಕ್ಕೆ ಹೊರಗೆ ಬಿದ್ದ ಮನುಷ್ಯರೆಲ್ಲ ಅಲ್ಲೇ ಇದ್ದರು. ಬೆನ್ನು ಹಿಡಿದುಕೊಂಡಿತು. ಎದ್ದು ಕಿಟಕಿಯ ತನಕ ಹೋಗಿ ಬಂದು ಮತ್ತೆ ಕೂತಳು. ನಡುನಡುವೆ, ಜರಡಿಯಲ್ಲಿ ಸಿಕ್ಕ ಕಾಳಿನ ಹಾಗೆ, ಟೀಚರು ಸಿಕ್ಕರು. ಈ. ಘ. ಓ. ಙ ಎನ್ನುವಾಗ ಒಂದು ಚೂರು ನಗುವಿತ್ತು.

ಸಿಕ್ಕದ್ದನ್ನೆಲ್ಲ ಮರಳಿ ಆಯಾ ತುಂಡಿನ ತಲೆಗೆ ಅಂಟಿಸಿದಳು. ಒಂದು ಮಾತ್ರ ಕೈಗೆ ಬಗ್ಗಲಿಲ್ಲ. ಅಃ ಹೇಳಿದ ಉಸಿರು ಮುಗಿಯುವ ಮೊದಲೇ ಟೀಚರಿಗೆ ಕೆಮ್ಮು ಬಂದಿತ್ತು. ಅಃ ಎಲ್ಲಿಗೆ ಮುಗಿಯಿತು, ಕೆಮ್ಮು ಎಲ್ಲಿಂದ ಶುರುವಾಯಿತು ಎಂದು ಅವಳ ಕಿವಿಗೂ ಗೆರೆ ಎಳೆಯಲಾಗಲಿಲ್ಲ. ಕೆಮ್ಮು ತೆಗೆದರೆ ಉಳಿಯುತ್ತಿದ್ದದ್ದು ಬರೀ ಅ. ಎಷ್ಟು ಸಣ್ಣದಾಗಿ ಕತ್ತರಿಸಿದರೂ ಅಷ್ಟೇ.

ಗುರುವಾರ ಮಧ್ಯಾಹ್ನ ಟೀಚರ ಮನೆಗೆ ಹೋದಳು. ಕಿಟಕಿಯ ಪಕ್ಕದ ಕುರ್ಚಿ, ಕುತ್ತಿಗೆಗೆ ಸುತ್ತಿದ ಹತ್ತಿಯ ಬಟ್ಟೆ, ಮಡಿಲಲ್ಲಿ ಸ್ಲೇಟು. ಕತ್ತರಿ ನಡೆದದ್ದನ್ನು ಹೇಳಿದಳು, ಯಂತ್ರದ ದನಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಟೀಚರು ಬಳಪ ಎತ್ತಿಕೊಂಡರು.

'ಅಂ ಅಃ ಅಲ್ಲಿ ಕೂರಿಸಿದ್ದು ಯಾರು? ಕರೆದುಕೊಂಡು ಬಾ.'

ಹೆಡ್‌ಫೋನನ್ನು ತಾನೇ ಅವರ ಕಿವಿಗಿಟ್ಟಳು. ತಮ್ಮ ದನಿಯನ್ನು ಕೇಳುವಾಗ ಟೀಚರು ಕಣ್ಣು ಮುಚ್ಚಲಿಲ್ಲ, ಎದುರಿನ ಗೋಡೆಯನ್ನೇ ನೋಡುತ್ತಿದ್ದರು, ಮಗು ಪಾಠ ಒಪ್ಪಿಸುವಾಗ ನೋಡುವ ಹಾಗೆ. ಅಃ ಬಂದಾಗ ಹುಬ್ಬು ಗಂಟಾಯಿತು.

'ಕೆಮ್ಮು ಕತ್ತರಿಸು.'

"ಆಗಲ್ಲ ಟೀಚರ್. ಕತ್ತರಿಸಿದ್ರೆ ಅಃ ಹೋಗತ್ತೆ."

ಟೀಚರು ಸ್ಲೇಟು ಒರೆಸಿದರು. ಇನ್ನೊಂದು ಸಲ ಕೇಳಿಸು ಎಂದು ಕೈಸನ್ನೆ ಮಾಡಿ ಕೇಳಿದರು. ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಆಮೇಲೆ ದುಂಡಗೆ, ಮಕ್ಕಳು ನೋಡಿ ಬರೆಯಲಿ ಎಂಬಷ್ಟು ದೊಡ್ಡದಾಗಿ ಬರೆದರು.

'ಅಃ ಇರಲಿ.'

ಆ ಸಂಜೆ ಸರ್ ನಿಂತುಕೊಂಡೇ ಮೊದಲ ಕೆಲವು ತುಂಡುಗಳ ತಲೆ ಕೇಳಿದರು, ಕೂತು ಇನ್ನಷ್ಟು ಕೇಳಿದರು. ಈ ಪುಸ್ತಕ ಹೀಗೇ ಹೋಗಲಿ, ಅಳಿಸುವುದು ಬೇಡ ಎಂದರು. ಮುಂದಿನವು ಮಾತ್ರ ಯಂತ್ರಕ್ಕೇ, ಮೇಲಿನಿಂದ ಹಾಗೆ ಹೇಳಿದ್ದಾರೆ ಎಂದೂ ಸೇರಿಸಿದರು. ಅದನ್ನು ಹೇಳುವಾಗ ಅವರು ಅವಳ ಮುಖ ನೋಡಲಿಲ್ಲ. ಯಂತ್ರ ಕೆಮ್ಮುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಕತ್ತರಿ ತಲೆಯಾಡಿಸಿ ತನ್ನ ಕೋಣೆಗೆ ಬಂದು ಕಾರ್ಡುಗಳನ್ನು ತುಂಬಲು ಕೂತಳು. ಶುಕ್ರವಾರ ಅವು ಹೊರಟವು.

ಮುಂದಿನ ವಾರ ಟೈಲರ್ ಮಾವನ ಫೋನು ಬಂತು. ಈ ಸಲ ಕತೆ ನೆಟ್ಟಗಿದೆ ಎಂದರು. ಆದರೆ ಮುದುಕಿ ಸಾಯುತ್ತಾಳೆಂದು ಮೊದಲೇ ತಿಳಿದದ್ದು ಮನಸ್ಸಿನಿಂದ ಹೋಗಿಲ್ಲ, ಈಗ ಅವಳು ಹಾಲು ಉಕ್ಕಿದ್ದಕ್ಕೆ ಬೈದರೂ ಬೈಯಲಿ ಬಿಡು, ಇರುವಷ್ಟು ದಿನ ಎನ್ನಿಸುತ್ತದೆ ಎಂದರು. ಹೊಲಿಗೆ ಸ್ವಲ್ಪ ನಿಧಾನವಾಯಿತಂತೆ.

"ಇನ್ನೊಂದು ಕೇಳ್ಬೇಕಿತ್ತು ಕತ್ತರಿ. ಅಃ ಅಂದ ತಕ್ಷಣ ಯಾರೋ ಕೆಮ್ಮಿದ್ರು. ನಾನು ನನ್ನ ಹೆಂಡ್ತಿ ಅಂದ್ಕೊಂಡು, ನೀರು ಕುಡಿಯೇ ಅಂದೆ. ನಾನೆಲ್ಲಿ ಕೆಮ್ಮಿದೆ, ನಿನಗೆ ಈಗ ಕಿವೀನೂ ಹೋಯ್ತಾ ಅಂತ ಬೈದ್ಲು. ಯಾರಮ್ಮ ಅದು ಕೆಮ್ಮಿದ್ದು?"

"ಟೀಚರ್, ಮಾವ."

"ಹೌದಾ," ಎಂದರು ಅವರು. ಫೋನಿನಲ್ಲಿ ದಾರ ಹಲ್ಲಿನಿಂದ ಕಡಿದ ಸದ್ದು ಕೇಳಿಸಿತು. "ನೀರು ಕುಡಿಯೋಕೆ ಹೇಳಮ್ಮ ಅವರಿಗೆ."

ಹೇಳುತ್ತೇನೆ ಎಂದಳು. ಫೋನಿಟ್ಟು ಪರದೆಯ ಕಡೆ ತಿರುಗಿದಳು. ನಿನ್ನೆ ಸಂಜೆ ಹೆಸರಿನ ಪ್ರಕಾರ ಜೋಡಿಸಿ ಹೋಗಿದ್ದ ಕಿಟಕಿ, ಬೆಳಿಗ್ಗೆ ಯಾರೂ ಮುಟ್ಟದೆಯೇ, ತಾರೀಕಿನ ಪ್ರಕಾರ ಕೂತಿತ್ತು. ಇರಲಿ ಬಿಡು ಎಂದುಕೊಂಡು, ಹೆಡ್‌ಫೋನಿನ ಪಟ್ಟಿಯನ್ನು ಕಿವಿಯ ಕೆಂಪಗಾದ ಕಡೆ ತಾಗದಂತೆ ಸ್ವಲ್ಪ ಹಿಂದಕ್ಕೆ ಸರಿಸಿ, ಮತ್ತೆ ಮೊದಲಿನಿಂದ ಜೋಡಿಸತೊಡಗಿದಳು.